ಜೀರ್ಣೋದ್ಧಾರಗೊಂಡ ಕೆರೆಯಲ್ಲಿ ಜೀವವೈವಿಧ್ಯದ ಎಣಿಕೆ: ಹೂಳೆತ್ತುವ ಮುನ್ನದಿಂದ ಮೂರನೆಯ ಮಳೆಗಾಲದವರೆಗೆ

ಕೆರೆ ಸಮಿತಿಗಳ ವರದಿಯಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ‘ಈಗ ನಮ್ಮ ಕೆರೆಗೆ ಇಷ್ಟು ಬಗೆಯ ಹಕ್ಕಿಗಳು ಬರುತ್ತಿವೆ.’ ಹೂಳೆತ್ತುವ ಮೊದಲು ಎಷ್ಟು ಬರುತ್ತಿದ್ದವು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಪಕ್ಕದ ಊರಿನ ಹಾಳುಬಿದ್ದ ಕೆರೆಗೆ ಎಷ್ಟು ಬರುತ್ತವೆ ಎಂದರೂ ಉತ್ತರವಿಲ್ಲ. ಹಾಗಾದರೆ ದುಡ್ಡು ಸುರಿದು ಮಾಡಿದ ಕೆಲಸದಿಂದ ಜೀವಿಗಳಿಗೆ ಒಳಿತಾಯಿತೋ ಕೆಡುಕಾಯಿತೋ ಎಂದು ಹೇಳುವುದು ಹೇಗೆ?

ಎಲ್ಲರೂ ಎಡವುವುದು ಮೂರೇ ಕಡೆ. ಕಾಮಗಾರಿ ಮುಗಿದ ಮೇಲೆ ಎಣಿಕೆ ಶುರು ಮಾಡುತ್ತಾರೆ. ಪ್ರತಿ ಸಲ ಬೇರೆ ಜಾಗ, ಬೇರೆ ಹೊತ್ತು, ಬೇರೆ ಸಂಖ್ಯೆಯ ಜನ. ಕಂಡದ್ದನ್ನು ಬರೆಯುತ್ತಾರೆ, ಕಾಣದ್ದನ್ನು ಬಿಟ್ಟುಬಿಡುತ್ತಾರೆ. ಕೆಳಗಿನ ಹಂತಗಳ ಕ್ರಮವನ್ನು ಈ ಮೂರು ತಪ್ಪುಗಳಿಗೆ ಎಡೆ ಇಲ್ಲದಂತೆ ಜೋಡಿಸಿದ್ದೇನೆ. ಒಂದು ಮಾತನ್ನು ಕೊನೆಯವರೆಗೂ ನೆನಪಿಡಿ: ಕೆರೆಗೆ ಬಂದು ಹೋಗುವ ಜೀವಿಗಿಂತ ಅಲ್ಲಿ ಮರಿ ಮಾಡುವ ಜೀವಿ ಹೆಚ್ಚಿನದನ್ನು ಹೇಳುತ್ತದೆ. ಗೂಡು, ಮೊಟ್ಟೆ, ಮರಿ, ಗೊದಮೊಟ್ಟೆ, ಕಳಚಿದ ಪೊರೆ, ಮೊಳಕೆ ಇವುಗಳಿಗೆ ಪುಸ್ತಕದಲ್ಲಿ ಪ್ರತ್ಯೇಕ ಅಂಕಣ ಇರಲೇಬೇಕು.

## ಬೇಕಾಗುವ ಸಲಕರಣೆಗಳು

8×42 ಅಳತೆಯ ಒಂದು ಬೈನಾಕ್ಯುಲರ್ ಸಾಕು. ಕೆರೆ ದೊಡ್ಡದಾಗಿದ್ದರೆ ಮಾತ್ರ ಮುಕ್ಕಾಲಿಯ ಮೇಲಿಡುವ ದೂರದರ್ಶಕವನ್ನು ಎರವಲು ತನ್ನಿ. ಕ್ಯಾಮೆರಾ ಇದ್ದರೆ ಒಳ್ಳೆಯದು. ಆದರೆ ಎಣಿಸುವವರ ಕೈಯಲ್ಲಿ ಕ್ಯಾಮೆರಾ ಇರಬಾರದು. ಫೋಟೊ ಹಿಡಿಯುತ್ತಾ ಎಣಿಸಿದವರ ಲೆಕ್ಕ ನೆಟ್ಟಗಿದ್ದದ್ದನ್ನು ನಾನು ಕಂಡಿಲ್ಲ.

ಸಸ್ಯಗಳಿಗೆ: ಪಿವಿಸಿ ಪೈಪಿನಿಂದ ಮಾಡಿದ 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕಟ್ಟು. ಅದಕ್ಕೆ ದಾರ ಕಟ್ಟಿ 25 ಮನೆಗಳಾಗಿ ವಿಂಗಡಿಸಿ. 50 ಮೀಟರ್ ಹಗ್ಗಕ್ಕೆ 5 ಮೀಟರಿಗೊಂದು ಗಂಟು. ಅಳತೆ ಗುರುತಿಸಿದ ಬಿದಿರು ಕೋಲು. ಕೀಟಗಳಿಗೆ: ಉದ್ದ ಹಿಡಿಕೆಯ ಜರಡಿ, ಬಿಳಿಯ ಪ್ಲಾಸ್ಟಿಕ್ ತಟ್ಟೆ, ಭೂತಗನ್ನಡಿ. ನೀರಿಗೆ: ಆಮ್ಲಜನಕ ಮತ್ತು ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣ) ಅಳೆಯುವ ಕಿಟ್, 20 ಸೆಂಟಿಮೀಟರ್ ವ್ಯಾಸದ ಕಪ್ಪು-ಬಿಳುಪು ತಟ್ಟೆ.

ಜೊತೆಗೆ ಮೊಣಕಾಲುದ್ದದ ಗಂಬೂಟು, ಟಾರ್ಚು, ಪೆನ್ಸಿಲು. ಪೆನ್ನಿನ ಶಾಯಿ ಒಂದು ಹನಿ ನೀರಿಗೆ ಕದಡಿಹೋಗುತ್ತದೆ. ಹೊಸದಾಗಿ ಹೂಳೆತ್ತಿದ ಕೆರೆಯ ಅಂಗಳದಲ್ಲಿ ಜೆಸಿಬಿ ತೋಡಿದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಒಬ್ಬರೇ ನೀರಿಗಿಳಿಯಬೇಡಿ, ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ. ಏರಿಯ ಕಲ್ಲುಗಳ ನಡುವೆ ಮಂಡಲದ ಹಾವು ಇರುತ್ತದೆ. ಕೈಗೆ ಗಾಯವಿದ್ದರೆ ಕೆರೆಯ ನೀರನ್ನು ಮುಟ್ಟಲೇಬೇಡಿ.

## ಹಂತ 1: ಜೆಸಿಬಿ ಬರುವ ಮೊದಲೇ ಎಣಿಸಿ

ಕಾಮಗಾರಿಯ ಮಾತು ಕಿವಿಗೆ ಬಿದ್ದ ದಿನವೇ ಎಣಿಕೆ ಶುರುವಾಗಬೇಕು. ಒಂದು ಪೂರ್ತಿ ವರ್ಷ ಸಿಕ್ಕರೆ ಉತ್ತಮ. ಸಿಗದಿದ್ದರೆ ಒಂದು ಮಳೆಗಾಲ ಮತ್ತು ಒಂದು ಚಳಿಗಾಲವಾದರೂ ಬೇಕು. ಕೊಳಕು ಕೆರೆಯಲ್ಲಿ ಏನಿದೆ ಎಂಬ ತಾತ್ಸಾರ ಬೇಡ. ಜೊಂಡು ತುಂಬಿ ಕೆಟ್ಟಂತೆ ಕಾಣುವ ಕೆರೆಯಲ್ಲೇ ಜಂಬುಕೋಳಿ, ದೇವನಕ್ಕಿಗಳು ಸಂಸಾರ ಹೂಡಿರುತ್ತವೆ.

ಜಾಲಿ ಕಡಿಯುವ ಮುನ್ನ ಮರ ಮರವನ್ನೂ ನೋಡಿ. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ನೀರಿನ ನಡುವೆ ನಿಂತ ಕರಿಜಾಲಿ ಮರಗಳ ಮೇಲೆಯೇ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಗೂಡು ಕಟ್ಟುತ್ತವೆ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ‘ಅಂಗಳದ ಜಾಲಿ ತೆರವು’ ಎಂಬ ಒಂದು ಸಾಲು ಅಂದಾಜು ಪಟ್ಟಿಯಲ್ಲಿದ್ದರೆ ಇಂಥ ಗೂಡುಮರಗಳೂ ಅದರಲ್ಲೇ ಹೋಗುತ್ತವೆ. ಗೂಡಿರುವ ಮರಕ್ಕೆ ಬಣ್ಣ ಬಳಿದು, ಅದರ ಸ್ಥಾನವನ್ನು ಮೊಬೈಲಿನಲ್ಲಿ ಗುರುತಿಸಿ, ಪಟ್ಟಿಯನ್ನು ಕಾಮಗಾರಿ ನಡೆಸುವವರಿಗೆ ಬರವಣಿಗೆಯಲ್ಲಿ ಕೊಡಿ.

ಇನ್ನೊಂದು ಕೆಲಸವನ್ನು ಬಹುತೇಕ ಯಾರೂ ಮಾಡುವುದಿಲ್ಲ, ಹೂಳೆತ್ತಿದ ಮೇಲೆ ಅದನ್ನು ಮಾಡಲಾಗುವುದೂ ಇಲ್ಲ. ಕೆರೆಯಂಚಿನ ಹೂಳಿನಲ್ಲಿ ವರ್ಷಗಟ್ಟಲೆಯ ಬೀಜಗಳು ಮಲಗಿರುತ್ತವೆ. ಅಂಚಿನ ಐದಾರು ಕಡೆಯಿಂದ ಒಂದೊಂದು ಬೊಗಸೆ ಮೇಲ್ಮಣ್ಣು ತೆಗೆದು ತಟ್ಟೆಗಳಲ್ಲಿ ತೆಳುವಾಗಿ ಹರಡಿ, ತೇವ ಆರದಂತೆ ಮೂರು ತಿಂಗಳು ಇಡಿ. ಪಕ್ಕದಲ್ಲಿ ಬರೀ ಹುರಿದ ಮರಳಿನ ಒಂದು ತಟ್ಟೆಯೂ ಇರಲಿ. ಆ ಮರಳಿನಲ್ಲೂ ಮೊಳೆತದ್ದು ಗಾಳಿಯಲ್ಲಿ ಹಾರಿಬಂದ ಬೀಜ, ಕೆರೆಯದ್ದಲ್ಲ. ಉಳಿದವು ನಿಮ್ಮ ಕೆರೆಯ ಹಳೆಯ ಸಸ್ಯಗಳು. ಕೆರೆಯಲ್ಲಿ ಈಗ ಕಾಣದ ಗಿಡಗಳೂ ತಟ್ಟೆಯಲ್ಲಿ ತಲೆ ಎತ್ತುತ್ತವೆ.

ಇದೇ ಹಂತದಲ್ಲಿ ಹೋಲಿಕೆಗೊಂದು ಕೆರೆಯನ್ನು ಆರಿಸಿ: ಅದೇ ಸರಣಿಯಲ್ಲಿ (ಒಂದರ ಕೋಡಿ ನೀರು ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲು) ಅಥವಾ ಹತ್ತಿರದಲ್ಲಿ, ಸುಮಾರು ಅಷ್ಟೇ ದೊಡ್ಡದಾದ, ಕಾಮಗಾರಿ ನಡೆಯದ ಕೆರೆ. ಎರಡರಲ್ಲೂ ಒಂದೇ ರೀತಿ ಎಣಿಸಿ. ಒಳ್ಳೆಯ ಮಳೆಯಾದ ವರ್ಷ ಎಲ್ಲ ಕೆರೆಗಳಿಗೂ ಹಕ್ಕಿ ಬರುತ್ತದೆ. ಹೋಲಿಕೆಯ ಕೆರೆ ಇಲ್ಲದಿದ್ದರೆ ಮಳೆ ಮಾಡಿದ ಉಪಕಾರವನ್ನು ಕಾಮಗಾರಿಯ ಖಾತೆಗೆ ಬರೆದುಬಿಡುತ್ತೀರಿ.

## ಹಂತ 2: ನಕ್ಷೆ ಬರೆದು ಬಿಂದುಗಳನ್ನು ಕಟ್ಟಿಹಾಕಿ

ಏರಿ, ತೂಬು, ಕೋಡಿ, ನೀರು ಒಳಬರುವ ಕಾಲುವೆಗಳು, ನಡುಗಡ್ಡೆ, ಚರಂಡಿ ಸೇರುವ ಜಾಗ ಇಷ್ಟನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿಯ ಮನೆತನದವರು ಊರಿನಲ್ಲಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಒಂದು ಸುತ್ತು ಬನ್ನಿ. ಬೇಸಿಗೆಯಲ್ಲಿ ಕೊನೆಗೆ ನೀರು ಉಳಿಯುವ ಮಡು ಯಾವುದು ಎಂಬುದು ಅವರಿಗೆ ಗೊತ್ತಿರುತ್ತದೆ. ಮೀನು, ಆಮೆ, ಕಪ್ಪೆಗಳು ಜೀವ ಹಿಡಿದುಕೊಳ್ಳುವುದು ಅಲ್ಲಿಯೇ.

ನಂತರ ಕೆರೆಯನ್ನು ಪಟ್ಟೆಗಳಾಗಿ ಗುರುತಿಸಿ: ಒಣದಂಡೆ, ಒದ್ದೆ ಕೆಸರು, ಮೊಣಕಾಲು ಆಳದ ನೀರು, ಆಳನೀರು. ನಗರದ ಅನೇಕ ಕೆರೆಗಳನ್ನು ಸೂಪು ಬಟ್ಟಲಿನಂತೆ ಕೊರೆದು, ಸುತ್ತ ಕಡಿದಾದ ದಂಡೆ ಕಟ್ಟಿ, ಅದರ ಮೇಲೆ ನಡಿಗೆಯ ಹಾದಿ ಹಾಸಿದ್ದಾರೆ. ಅಲ್ಲಿ ನಡುವಿನ ಎರಡು ಪಟ್ಟೆಗಳೇ ಮಾಯವಾಗಿರುತ್ತವೆ. ಜೀವಿಗಳು ಹೆಚ್ಚಾಗಿ ಬದುಕುವುದು ಆ ಎರಡು ಪಟ್ಟೆಗಳಲ್ಲಿ. ಆದ್ದರಿಂದ ಪ್ರತಿ ಪಟ್ಟೆ ಎಷ್ಟು ಅಗಲವಿದೆ ಎಂದು ವರ್ಷಕ್ಕೊಮ್ಮೆ ಅಳೆದಿಡಿ.

ಮಧ್ಯಮ ಗಾತ್ರದ ಕೆರೆಗೆ ನಾಲ್ಕರಿಂದ ಆರು ವೀಕ್ಷಣಾ ಬಿಂದುಗಳು ಸಾಕು. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ ಇರುವಂತೆ ಪೂರ್ವದ ದಂಡೆಯಲ್ಲಿ ಹೆಚ್ಚು ಬಿಂದುಗಳಿರಲಿ. ಪ್ರತಿಯೊಂದಕ್ಕೂ ಕಲ್ಲು ನೆಟ್ಟು ಸಂಖ್ಯೆ ಬರೆಯಿರಿ, ಅಲ್ಲಿಂದ ಕಾಣುವ ನೋಟದ ಫೋಟೊ ತೆಗೆದಿಡಿ. ಪ್ರತಿ ಭೇಟಿಯಲ್ಲೂ ಅದೇ ಕೋನದಿಂದ ಒಂದು ಫೋಟೊ.

ಬಿಂದುವನ್ನು ಮಾತ್ರ ಯಾವ ಕಾರಣಕ್ಕೂ ಸರಿಸಬೇಡಿ. ನಾವು ಎಣಿಸುತ್ತಿದ್ದ ಕೆರೆಯಲ್ಲಿ ಎರಡನೆಯ ವರ್ಷ ಮೂರನೆಯ ಬಿಂದುವಿಗೆ ಬಿಸಿಲು ಹೆಚ್ಚೆಂದು ನಲವತ್ತು ಹೆಜ್ಜೆ ಆಚೆ, ಹೊಂಗೆಯ ನೆರಳಿಗೆ ಹೋದೆವು. ಅಲ್ಲಿಂದ ಜೊಂಡಿನ ಒಂದು ಮೂಲೆ ಕಾಣುತ್ತಿರಲಿಲ್ಲ. ವರ್ಷದ ಕೊನೆಗೆ ಜಂಬುಕೋಳಿ ಕಡಿಮೆಯಾಗಿದೆ ಎಂದು ಬರೆದೆವು. ಜಂಬುಕೋಳಿಗಳು ಆ ಮೂಲೆಯಲ್ಲೇ ಇದ್ದವು. ಒಂದು ವರ್ಷದ ಶ್ರಮ ಹೋಲಿಕೆಗೆ ಬಾರದೆ ಹೋಯಿತು.

## ಹಂತ 3: ನೀರಿನ ಮಟ್ಟ ಮೊದಲು, ಗುಣ ಆಮೇಲೆ

ತೂಬಿನ ಕಂಬಕ್ಕೆ 10 ಸೆಂಟಿಮೀಟರಿಗೊಂದು ಗೆರೆ ಬಳಿಯಿರಿ. ಪ್ರತಿ ಭೇಟಿಯಲ್ಲೂ ಪುಸ್ತಕದ ಮೊದಲ ಸಾಲು ನೀರಿನ ಮಟ್ಟವೇ ಆಗಿರಬೇಕು. ಕೆಸರು ಬಿಟ್ಟುಕೊಂಡಾಗ ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳು ಇಳಿಯುತ್ತವೆ. ಕೋಡಿ ಬಿದ್ದಾಗ ಅವು ಬೇರೆಡೆಗೆ ಹೋಗುತ್ತವೆ. ಮಟ್ಟ ಬರೆಯದಿದ್ದರೆ ಈ ಏರಿಳಿತವನ್ನು ಕೆರೆಯ ಆರೋಗ್ಯವೆಂದು ತಪ್ಪಾಗಿ ಓದುತ್ತೀರಿ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಇಂಥ ನೀರು ತುಂಬುವ ಕೆರೆಗಳಲ್ಲಿ ಈ ಮಾತು ಇನ್ನೂ ಮುಖ್ಯ. ಬೇಸಿಗೆಗೆ ಒಣಗುತ್ತಿದ್ದ ಕೆರೆ ವರ್ಷವಿಡೀ ತುಂಬಿ ನಿಂತರೆ ಅದು ಬೇರೆಯೇ ಕೆರೆ. ಅಲ್ಲಿ ಹೆಜ್ಜಾರ್ಲೆ ಹೆಚ್ಚಬಹುದು, ಕೆಸರಿನ ಹಕ್ಕಿಗಳು ಕಡಿಮೆಯಾಗಬಹುದು. ಎರಡನ್ನೂ ಬರೆಯಬೇಕು.

ಆಮ್ಲಜನಕವನ್ನು ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ. ಎಲ್ಲರೂ ಮಾಡುವ ತಪ್ಪು ಮಧ್ಯಾಹ್ನ ಅಳೆಯುವುದು. ಪಾಚಿ ತುಂಬಿದ ಹಸಿರು ನೀರು ಬಿಸಿಲಿನಲ್ಲಿ ಹೇರಳವಾಗಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ಅದನ್ನೇ ಉಸಿರಾಡಿ ಮುಗಿಸುತ್ತದೆ. ಮೀನು ಸಾಯುವುದು ಬೆಳಗಿನ ಜಾವ. ವನ್ಯಜೀವಿ ಮತ್ತು ಮೀನುಗಾರಿಕೆಗೆ ಯೋಗ್ಯವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವ ‘ಡಿ’ ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು, ಪಿಎಚ್ 6.5ರಿಂದ 8.5ರ ಒಳಗಿರಬೇಕು.

ನೀರಿನ ತಿಳಿಯನ್ನು ನೋಡಲು ಕಪ್ಪು-ಬಿಳುಪು ತಟ್ಟೆಯನ್ನು ಹಗ್ಗದಲ್ಲಿ ಇಳಿಬಿಡಿ. ಕಣ್ಮರೆಯಾದ ಆಳ, ಮೇಲೆತ್ತುವಾಗ ಮತ್ತೆ ಕಂಡ ಆಳ, ಇವೆರಡರ ಸರಾಸರಿ ಬರೆಯಿರಿ.

## ಹಂತ 4: ಸಸ್ಯಗಳು

ದಂಡೆಯಿಂದ ನೀರಿನೆಡೆಗೆ ಹಗ್ಗವನ್ನು ನೇರವಾಗಿ ಎಳೆಯಿರಿ. ದಂಡೆಗುಂಟ ಎಳೆದರೆ ಒಂದೇ ಪಟ್ಟೆಯ ಗಿಡಗಳು ಸಿಗುತ್ತವೆ. ಒಣನೆಲದಿಂದ ಆರಂಭಿಸಿ ಪ್ರತಿ ಗಂಟಿನ ಬಳಿ ಚೌಕಟ್ಟನ್ನು ಇಡಿ. ಮುಳ್ಳಿದ್ದರೂ ಸರಿ, ಕಸವಿದ್ದರೂ ಸರಿ, ಏನೂ ಬೆಳೆಯದ ಬರಿನೆಲವಾದರೂ ಸರಿ, ಗಂಟು ಎಲ್ಲಿದೆಯೋ ಚೌಕಟ್ಟು ಅಲ್ಲೇ. ಹೂವಿರುವ ಕಡೆಗೆ ಕೈ ತಾನಾಗಿ ಸರಿಯುತ್ತದೆ. ಆ ಆಸೆಯನ್ನು ತಡೆಯುವುದಕ್ಕೇ ಗಂಟುಗಳನ್ನು ಹಾಕಿದ್ದು. ಕೆರೆಯ ಸುತ್ತ ಇಂಥ ಆರು ಸಾಲುಗಳಿರಲಿ. ಅವುಗಳಲ್ಲಿ ಒಂದು ನೀರು ಒಳಬರುವ ಬಾಯಿಯಲ್ಲಿ, ಒಂದು ಕೋಡಿಯ ಹತ್ತಿರ.

ಚೌಕಟ್ಟಿನ 25 ಮನೆಗಳಲ್ಲಿ ಒಂದೊಂದೂ ಶೇಕಡಾ 4ಕ್ಕೆ ಸಮ. ಒಂದು ಗಿಡ ಎಷ್ಟು ಮನೆಗಳನ್ನು ಮುಚ್ಚಿದೆ ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ಹರವು ಸಿಗುತ್ತದೆ. ‘ತುಂಬ ಇದೆ’, ‘ಸ್ವಲ್ಪ ಇದೆ’ ಎಂದು ಬರೆದದ್ದು ಮುಂದಿನ ವರ್ಷ ಯಾರಿಗೂ ಅರ್ಥವಾಗುವುದಿಲ್ಲ. ನೀರಿನೊಳಗೆ ಮುಳುಗಿ ಬೆಳೆಯುವ ಗಿಡಗಳನ್ನು ಕೈಹಾಕಿ ತಡವಿ ನೋಡಿ. ಹೈಡ್ರಿಲ್ಲಾದಂಥ ಮುಳುಗು ಸಸ್ಯಗಳು ಮರಳಿ ಬಂದಿವೆ ಎಂದರೆ ಬೆಳಕು ತಳ ಮುಟ್ಟುತ್ತಿದೆ ಎಂದರ್ಥ. ಜೀರ್ಣೋದ್ಧಾರ ಫಲ ಕೊಡುತ್ತಿದೆ ಎನ್ನಲು ನನಗೆ ಕೊಕ್ಕರೆಗಳ ಹಿಂಡಿಗಿಂತ ಇದು ದೊಡ್ಡ ಸಾಕ್ಷಿ.

ಗುರುತಿಸುವಾಗ ಎರಡು ಜೋಡಿಗಳು ಎಲ್ಲರನ್ನೂ ದಾರಿ ತಪ್ಪಿಸುತ್ತವೆ. ಒಂದು, ಅಂತರಗಂಗೆ. ಬೇರೆ ಬೇರೆ ಊರುಗಳಲ್ಲಿ ಈ ಒಂದೇ ಹೆಸರನ್ನು ಎರಡು ಗಿಡಗಳಿಗೆ ಹೇಳುತ್ತಾರೆ. ಕಾಂಡವೇ ಕಾಣದೆ, ಪುಟ್ಟ ಎಲೆಕೋಸಿನಂತೆ ಬಿರಿದು, ಎಲೆಯ ಮೇಲೆ ಮಖಮಲ್ಲಿನಂಥ ರೋಮವಿರುವುದು ಪಿಸ್ಟಿಯಾ. ಎಲೆಯ ತೊಟ್ಟು ಗಾಳಿ ತುಂಬಿದ ಬುರುಡೆಯಂತೆ ಉಬ್ಬಿ, ತಿಳಿನೇರಳೆ ಹೂಗೊಂಚಲು ಬಿಡುವುದು ವಾಟರ್ ಹಯಸಿಂತ್. ಎರಡನೆಯದು ಕೊಳಚೆ ನೀರು ಸಿಕ್ಕರೆ ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಪುಸ್ತಕದಲ್ಲಿ ಬರಿದೆ ‘ಅಂತರಗಂಗೆ’ ಎಂದು ಬರೆಯಬೇಡಿ, ಯಾವುದೆಂದು ಬರೆಯಿರಿ.

ಇನ್ನೊಂದು ಜೋಡಿ ಹೊನಗೊನ್ನೆ ಮತ್ತು ಅಲಿಗೇಟರ್ ಕಳೆ. ಮೊದಲನೆಯದು ಸಾರಿಗೆ ಹಾಕುವ ಸೊಪ್ಪು, ಎರಡನೆಯದು ದಕ್ಷಿಣ ಅಮೆರಿಕದಿಂದ ಬಂದು ಕೆರೆಗಳನ್ನು ಮುಚ್ಚುವ ಗಿಡ. ಎಲೆ ನೋಡಿದರೆ ಒಂದೇ ಮನೆಯವು ಎನ್ನಿಸುತ್ತವೆ, ಕುಲದಲ್ಲಿ ಹೌದು ಕೂಡ. ಬೆರಳಲ್ಲಿ ಹಿಡಿದು ಹೂವನ್ನು ನೋಡಿ. ಹೊನಗೊನ್ನೆಯ ಬಿಳಿಯ ಹೂಗುಚ್ಛ ಎಲೆಯ ಕಂಕುಳಲ್ಲಿ ತೊಟ್ಟಿಲ್ಲದೆ ಅಂಟಿಕೊಂಡಿರುತ್ತದೆ. ಅಲಿಗೇಟರ್ ಕಳೆಯ ಹೂವು ಉದ್ದ ತೊಟ್ಟಿನ ತುದಿಯಲ್ಲಿ ಗುಂಡಿಯಂತೆ ನಿಂತಿರುತ್ತದೆ, ಕಾಂಡವನ್ನು ಮುರಿದರೆ ಒಳಗೆ ಟೊಳ್ಳು. ಮುರಿದ ತುಂಡನ್ನು ನೀರಿಗೆ ಎಸೆಯಬೇಡಿ, ಗಿಣ್ಣಿರುವ ಒಂದು ಚೂರು ಸಾಕು, ಬೇರು ಬಿಡುತ್ತದೆ. ನಿಮ್ಮ ಗಂಬೂಟಿಗೆ ಅಂಟಿದ ಚೂರೂ ಮುಂದಿನ ಕೆರೆಗೆ ಹೋಗುತ್ತದೆ. ಹೊರಡುವ ಮುನ್ನ ಬೂಟು, ಜರಡಿ, ಹಗ್ಗ ಎಲ್ಲವನ್ನೂ ಒಣನೆಲದಲ್ಲಿ ಉಜ್ಜಿ ತೊಳೆಯಿರಿ.

ಸಸ್ಯಗಳ ಎಣಿಕೆ ವರ್ಷಕ್ಕೆ ಎರಡು ಸಲ ಸಾಕು. ಮಳೆಗಾಲದ ಕೊನೆಗೊಮ್ಮೆ, ಬೇಸಿಗೆಯಲ್ಲಿ ಅಂಚು ಒಣಗಿದಾಗ ಇನ್ನೊಮ್ಮೆ.

## ಹಂತ 5: ಹಕ್ಕಿಗಳು

ಸೂರ್ಯೋದಯದ ಅರ್ಧ ಗಂಟೆಯೊಳಗೆ ಮೊದಲ ಬಿಂದುವಿನಲ್ಲಿ ನಿಂತಿರಬೇಕು. ಪ್ರತಿ ಬಿಂದುವಿನಲ್ಲಿ 15 ನಿಮಿಷ, ಒಂದು ನಿಮಿಷ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು. ಹತ್ತು ಮಂದಿ ಬಂದಿದ್ದರೆ ಉಳಿದ ಎಂಟು ಮಂದಿ ಕಲಿಯಲಿ, ಅವರು ಕಂಡದ್ದು ಲೆಕ್ಕಕ್ಕೆ ಬೇಡ. ಮೊದಲ ವರ್ಷ ಇಬ್ಬರು ನೋಡಿ, ಮೂರನೆಯ ವರ್ಷ ಹತ್ತು ಮಂದಿ ನೋಡಿದರೆ ಹೆಚ್ಚಾದದ್ದು ಕಣ್ಣುಗಳು, ಹಕ್ಕಿಗಳಲ್ಲ.

ದೊಡ್ಡ ಹಿಂಡನ್ನು ಎಣಿಸಲು ಮೊದಲು ಹತ್ತನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿನಲ್ಲಿ ತುಂಬಿಕೊಂಡು, ಅದೇ ಅಳತೆಯನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಹೋಗಿ. ಹಿಂಡು ಹಾರುವ ಮುನ್ನ ಎಣಿಸಿ. ಹಾರಿದ ಮೇಲೆ ಯಾವ ದಿಕ್ಕಿಗೆ ಹೋಯಿತು ಎಂದು ಬರೆಯಿರಿ. ಇಲ್ಲದಿದ್ದರೆ ಮುಂದಿನ ಬಿಂದುವಿನಲ್ಲಿ ಅವೇ ವರಟೆಗಳನ್ನು ಮತ್ತೊಮ್ಮೆ ಎಣಿಸುತ್ತೀರಿ. ಕೆರೆಗೆ ಇಳಿಯದೆ ಮೇಲಿಂದ ಹಾದುಹೋದ ಹಕ್ಕಿಗೆ ಬೇರೆ ಅಂಕಣ.

ಹೊತ್ತಿನ ವಿಷಯದಲ್ಲಿ ಒಂದು ಎಚ್ಚರ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ, ಬಿಸಿಲೇರಿದ ಮೇಲೆ ಕೆರೆಗೆ ಮರಳಿ ವಿಶ್ರಮಿಸುತ್ತವೆ. ಅಂಥ ಕೆರೆಯಲ್ಲಿ ಬೆಳಗಿನ ಎಣಿಕೆಯ ಜೊತೆಗೆ ನಡುಹಗಲಿನ ಒಂದು ಎಣಿಕೆಯೂ ಬೇಕು. ಯಾವ ಹೊತ್ತನ್ನು ಆರಿಸಿದರೂ ಪ್ರತಿ ವರ್ಷ ಅದೇ ಹೊತ್ತು.

ಪ್ರತಿ ಜಾತಿಯ ಮುಂದೆ ಅದು ಏನು ಮಾಡುತ್ತಿತ್ತು ಎಂದೂ ಬರೆಯಿರಿ: ಮೇಯುತ್ತಿತ್ತು, ಮಲಗಿತ್ತು, ಕಡ್ಡಿ ಒಯ್ಯುತ್ತಿತ್ತು, ಮರಿಯಿತ್ತು. ಇಲ್ಲಿ ಗುಳುಮುಳುಕನನ್ನು ಗಮನವಿಟ್ಟು ನೋಡಲು ಕಲಿಯುವುದು ಒಳ್ಳೆಯದು. ಸಣ್ಣ ಕೆರೆಗೂ ಬರುವ, ಮುಷ್ಟಿಗಾತ್ರದ ಈ ಹಕ್ಕಿಯ ಗೂಡು ನೀರಿನ ಮೇಲೆ ತೇಲುವ ಕೊಳೆತ ಕಳೆಯ ಗುಪ್ಪೆ. ಗೂಡು ಬಿಟ್ಟು ಏಳುವ ಮುನ್ನ ಹಕ್ಕಿ ಒದ್ದೆ ಎಲೆಗಳನ್ನು ಎಳೆದು ಮೊಟ್ಟೆಗಳ ಮೇಲೆ ಮುಚ್ಚುತ್ತದೆ. ದೂರದಿಂದ ನೋಡುವವರಿಗೆ ಅದು ಕಸದ ರಾಶಿ. ‘ಗೂಡು ಖಾಲಿ’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಅಲ್ಲೇ ನಿಂತು ಹತ್ತು ನಿಮಿಷ ಕಾಯಿರಿ. ನೀರಿನಿಂದ ತಲೆ ಎತ್ತಿ ಹತ್ತಿದ ಹಕ್ಕಿ ಎಲೆಗಳನ್ನು ಕೊಕ್ಕಿನಿಂದ ಪಕ್ಕಕ್ಕೆ ಸರಿಸಿ ಕೂರುತ್ತದೆ. ಕೆಲವು ವಾರಗಳ ನಂತರ ತಲೆಯ ಮೇಲೆ ಗೆರೆಗಳಿರುವ ಮರಿಗಳು ಅದರ ಬೆನ್ನೇರಿ ಹೋಗುವುದನ್ನು ನೋಡುತ್ತೀರಿ. ಆ ಸಾಲನ್ನು ಪುಸ್ತಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆಯಿರಿ.

ದೇವನಕ್ಕಿಯಲ್ಲಿ ಮೊಟ್ಟೆಗೆ ಕಾವು ಕೊಡುವುದು ಗಂಡು, ಅದೂ ತೇಲುವ ಎಲೆಗಳ ಮೇಲೆ. ತಾವರೆ, ನೈದಿಲೆಗಳನ್ನು ಕಳೆಯೆಂದು ಕಿತ್ತ ಕೆರೆಯಲ್ಲಿ ಅದು ಗೂಡು ಕಟ್ಟಲಾರದು. ಟಿಟ್ಟಿಭ ಬರಿನೆಲದಲ್ಲಿ ಮೊಟ್ಟೆ ಇಡುತ್ತದೆ. ಹಾಸುಗಲ್ಲು, ಹುಲ್ಲುಹಾಸು ಬಂದ ಮೇಲೆ ಅದಕ್ಕೆ ನೆಲೆಯಿಲ್ಲ. ಎರಡೂ ಮೊದಲು ಇದ್ದು ಆಮೇಲೆ ಇಲ್ಲವಾದರೆ ಅದು ಕಾಮಗಾರಿಯ ಸ್ವರೂಪದ ಮೇಲಿನ ತೀರ್ಪು.

ಗೂಡಿನ ಹತ್ತಿರ ಹೋಗಬೇಡಿ, ಡ್ರೋನ್ ಹಾರಿಸಬೇಡಿ, ಗೂಡಿನ ನೆಲೆಯನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಹಕ್ಕಿ ಕೂಗುತ್ತಾ ನಿಮ್ಮ ತಲೆಯ ಮೇಲೆ ಸುತ್ತಿದರೆ ನೀವು ಆಗಲೇ ಮಿತಿ ದಾಟಿದ್ದೀರಿ, ಹಿಂದೆ ಸರಿಯಿರಿ.

ಲೆಕ್ಕವನ್ನು ಹಕ್ಕಿ ನೋಡುವವರು ದಾಖಲೆ ಸೇರಿಸುವ ಇ-ಬರ್ಡ್ ಜಾಲತಾಣಕ್ಕೆ ಪೂರ್ಣ ಪಟ್ಟಿಯಾಗಿ, ಅಂದರೆ ಗುರುತಿಸಿದ ಯಾವ ಹಕ್ಕಿಯನ್ನೂ ಬಿಡದೆ, ಸೇರಿಸಿ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ನಿಮ್ಮ ಜನವರಿ ಎಣಿಕೆಯನ್ನು ಅದೇ ದಿನಗಳಿಗೆ ಹೊಂದಿಸಿ.

## ಹಂತ 6: ಕಪ್ಪೆ, ಏರೋಪ್ಲೇನ್ ಚಿಟ್ಟೆ, ಕೆಸರಿನ ಹುಳುಗಳು

ಕಪ್ಪೆಗಳನ್ನು ಕಣ್ಣಿಗಿಂತ ಕಿವಿಯಿಂದ ಎಣಿಸುವುದು ಸುಲಭ. ಮೊದಲ ಜೋರು ಮಳೆ ಬಿದ್ದ ರಾತ್ರಿಯೇ ಹೋಗಬೇಕು, ಎರಡು ವಾರ ಬಿಟ್ಟು ಹೋದರೆ ಸಂತೆ ಮುಗಿದಿರುತ್ತದೆ. ರಾತ್ರಿ 7ರಿಂದ 9ರ ನಡುವೆ ಪ್ರತಿ ಬಿಂದುವಿನಲ್ಲಿ ಟಾರ್ಚು ಆರಿಸಿ, ಮಾತು ನಿಲ್ಲಿಸಿ, ಎರಡು ನಿಮಿಷ ಸುಮ್ಮನಿದ್ದು ನಂತರ ಐದು ನಿಮಿಷ ಆಲಿಸಿ. ಒಂದೊಂದು ಬಗೆಯ ಕೂಗಿಗೂ ಅಂಕ ಕೊಡಿ: ಕೂಗಿಲ್ಲದಿದ್ದರೆ 0, ಬಿಡಿಬಿಡಿಯಾಗಿ ಎಣಿಸಬಹುದಾದರೆ 1, ಒಂದರ ಮೇಲೊಂದು ಬಿದ್ದರೂ ಬೇರ್ಪಡಿಸಬಹುದಾದರೆ 2, ಎಡೆಬಿಡದ ಮೇಳವಾದರೆ 3. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಗೊತ್ತಿಲ್ಲದ ಕೂಗನ್ನು ಬಲ್ಲವರಿಗೆ ಕೇಳಿಸಬಹುದು. ಆ ರಾತ್ರಿಗಳಲ್ಲಿ ಗೋಂಕರು ಕಪ್ಪೆಯ ಗಂಡು ನಿಂಬೆಹಳದಿಗೆ ತಿರುಗಿ, ಗಂಟಲಿನ ಎರಡೂ ಬದಿಯ ಚೀಲಗಳು ನೀಲಿಯಾಗಿ ಉಬ್ಬುತ್ತವೆ. ನೋಡಿ, ಹಿಡಿಯಬೇಡಿ. ವನ್ಯಜೀವಿಗಳನ್ನು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಮೂರು ನಾಲ್ಕು ವಾರಗಳ ನಂತರ ಅದೇ ಜಾಗಗಳಲ್ಲಿ ಗೊದಮೊಟ್ಟೆ ಹುಡುಕಿ. ಕೂಗಿದ್ದು ಕೇಳಿ ಗೊದಮೊಟ್ಟೆ ಕಾಣದಿದ್ದರೆ ಕಾರಣ ಬಹುಮಟ್ಟಿಗೆ ಎರಡರಲ್ಲಿ ಒಂದು: ದಂಡೆ ಕಡಿದಾಗಿದೆ, ಅಥವಾ ಅಂಚಿನಲ್ಲೆಲ್ಲ ಮೀನು ತುಂಬಿದೆ.

ಏರೋಪ್ಲೇನ್ ಚಿಟ್ಟೆಗಳನ್ನು ಬಿಸಿಲಿರುವ ದಿನ, ಬೆಳಿಗ್ಗೆ 10ರಿಂದ 12ರ ನಡುವೆ ದಂಡೆಯ 100 ಮೀಟರ್ ಉದ್ದಕ್ಕೆ ಎಣಿಸಿ. ಮಳೆಗಾಲದ ಆಸುಪಾಸಿನಲ್ಲಿ ಹಿಂಡುಹಿಂಡಾಗಿ ಹಾರುವ ಹೊಂಬಣ್ಣದವು ವಲಸೆಯ ಜಾತಿ. ಸಮುದ್ರವನ್ನೇ ದಾಟುವ ಆ ಕೀಟ ಮೈದಾನದ ಮೇಲೂ ಹಾರುತ್ತದೆ, ನಿಮ್ಮ ಕೆರೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹೇಳುವುದು ಜೊಂಡಿನ ಕಡ್ಡಿಗೆ ಅಂಟಿದ ಪೊರೆ. ಮರಿ ನೀರಿನಿಂದ ಹತ್ತಿ ಬಂದು, ಬೆನ್ನು ಬಿರಿದು, ರೆಕ್ಕೆ ಒಣಗಿಸಿ ಹಾರಿದ ಮೇಲೆ ಉಳಿಯುವ ಒಣ ಚಿಪ್ಪು ಅದು. ಅವುಗಳನ್ನು ಆಯ್ದು ಬೆಂಕಿಪೊಟ್ಟಣದಲ್ಲಿ ಹಾಕಿ ದಿನಾಂಕ ಬರೆದಿಡಿ.

ಕೆಸರಿಗೆ ಜರಡಿಯ ಮೂರು ಬೀಸು, ಬಿಳಿತಟ್ಟೆಗೆ ಸುರಿದು ಹತ್ತು ನಿಮಿಷ ನೋಟ, ನಂತರ ಎಲ್ಲವೂ ನೀರಿಗೆ ವಾಪಸ್. ಕೆಂಪು ದಾರದಂಥ ಹುಳುಗಳು ಮಾತ್ರ ಕುಲುಕುತ್ತಿದ್ದರೆ ತಳದಲ್ಲಿ ಆಮ್ಲಜನಕ ತೀರ ಕಡಿಮೆ; ಆ ಕೊರತೆಯಲ್ಲೂ ಉಸಿರಾಡಲು ಅವುಗಳಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ. ಮೇಫ್ಲೈ ಎಂಬ ಕೀಟದ ಮೂರು ಬಾಲದ ಮರಿಗಳು ಸಿಕ್ಕರೆ ಒಳ್ಳೆಯ ಸುದ್ದಿ.

## ಹಂತ 7: ಮೀನು, ಆಮೆ

ಬಲೆ ನೀವು ಬೀಸಬೇಡಿ. ಮೀನುಗಾರಿಕೆಯ ಗುತ್ತಿಗೆ ಹಿಡಿದವರು ದಡಕ್ಕೆ ತರುವ ಹೊತ್ತಿಗೆ ಅಲ್ಲಿರಿ, ಬುಟ್ಟಿಯಲ್ಲಿ ಇರುವುದನ್ನು ಬರೆದುಕೊಳ್ಳಿ. ಬಿತ್ತನೆ ಮಾಡಿದ ಕಟ್ಲ, ರೋಹುಗಳನ್ನು ವೈವಿಧ್ಯದ ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯ ತಪ್ಪು. ಕೇಳಬೇಕಾದದ್ದು ಕೊರವ, ಚೇಳುಮೀನು, ಪಕ್ಕೆಮೀನುಗಳಂಥ ಕೆರೆಯ ಹಳೆಯ ವಾಸಿಗಳು ಇವೆಯೇ ಎಂದು. ಹೊರನಾಡಿನಿಂದ ಬಂದ ಜಿಲೇಬಿ ಮೀನು (ತಿಲಾಪಿಯಾ) ಅಂಚಿನ ತಳದಲ್ಲಿ ತಟ್ಟೆಯಾಕಾರದ ಗುಳಿಗಳನ್ನು ತೋಡುತ್ತದೆ. ನೀರು ಇಳಿದಾಗ ಗುಳಿಗಳನ್ನು ಎಣಿಸಿ. 2000ದಲ್ಲೇ ನಿಷೇಧಗೊಂಡ ಆಫ್ರಿಕನ್ ಕ್ಯಾಟ್‌ಫಿಶ್ ಕಂಡರೆ ಫೋಟೊದೊಂದಿಗೆ ಮೀನುಗಾರಿಕೆ ಇಲಾಖೆಗೆ ಅಂದೇ ತಿಳಿಸಿ.

ಆಮೆಗಳು ಬಿಸಿಲು ಕಾಯಲು ಕಲ್ಲು, ಮರದ ದಿಮ್ಮಿ ಏರುತ್ತವೆ. ಬೈನಾಕ್ಯುಲರಿನಲ್ಲಿ ನೋಡಿ ಎಣಿಸಿ, ಅಷ್ಟು ಸಾಕು.

## ಹಂತ 8: ವರ್ಷದ ಪಂಚಾಂಗ

ರೋಹಿಣಿ, ಮೃಗಶಿರಾ ಮಳೆಗಳಲ್ಲಿ (ಮೇ ಕೊನೆಯಿಂದ ಜೂನ್) ಕಪ್ಪೆ. ಆರಿದ್ರಾದ ನಂತರ ಗೊದಮೊಟ್ಟೆ ಮತ್ತು ಸ್ಥಳೀಯ ಹಕ್ಕಿಗಳ ಗೂಡು. ಹಸ್ತಾ, ಚಿತ್ತಾ ಹೊತ್ತಿಗೆ (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್) ಸಸ್ಯಗಳ ಮೊದಲ ಎಣಿಕೆ, ಏರೋಪ್ಲೇನ್ ಚಿಟ್ಟೆಯ ಪೊರೆ. ನವೆಂಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೆ ಎರಡು ಸಲ ಹಕ್ಕಿ, ಉಳಿದ ತಿಂಗಳಲ್ಲಿ ಒಂದು ಸಲ. ಏಪ್ರಿಲ್‌ನಲ್ಲಿ ಸಸ್ಯಗಳ ಎರಡನೆಯ ಎಣಿಕೆ. ನೀರಿನ ಪರೀಕ್ಷೆ ತಿಂಗಳಿಗೊಮ್ಮೆ. ಗಣೇಶ ವಿಸರ್ಜನೆ ನಡೆಯುವ ಕೆರೆಯಾದರೆ ಅದರ ಹಿಂದಿನ ವಾರ ಮತ್ತು ಮುಂದಿನ ವಾರ ಕೂಡ.

ಈ ಪಟ್ಟಿ ಭಾರವೆನಿಸಿದರೆ ಬಿಂದುಗಳನ್ನು ಕಡಿಮೆ ಮಾಡಿ, ವರ್ಷಗಳನ್ನು ಕಡಿಮೆ ಮಾಡಬೇಡಿ. ನೀರು ತುಂಬಿದ ಮೊದಲ ವರ್ಷ ಎಲ್ಲವೂ ಉಕ್ಕಿ ಬರುತ್ತದೆ: ಹೊಸ ನೀರು, ಹೊಸ ಕೆಸರು, ಸುಲಭದ ಆಹಾರ. ನೆಲೆ ನಿಲ್ಲುವುದು ಯಾವುದು ಎಂದು ಗೊತ್ತಾಗಲು ಮೂರು ಮಳೆಗಾಲಗಳಾದರೂ ಬೇಕು.

## ಹಂತ 9: ಬರೆದಿಡುವುದು, ಹೋಲಿಸುವುದು

ಒಂದು ಜಾತಿ, ಒಂದು ಬಿಂದು, ಒಂದು ಭೇಟಿ, ಇದಕ್ಕೆ ಒಂದು ಸಾಲು. ಹಿಂದೆ ಕಂಡಿದ್ದು ಇಂದು ಕಾಣದ ಜಾತಿಯ ಮುಂದೆ 0 ಬರೆಯಿರಿ. ಖಾಲಿ ಬಿಟ್ಟ ಮನೆ ‘ಇರಲಿಲ್ಲ’ ಎಂದೋ ‘ನೋಡಲಿಲ್ಲ’ ಎಂದೋ ಮುಂದೆ ಯಾರಿಗೂ ತಿಳಿಯುವುದಿಲ್ಲ. ಖಚಿತವಾಗದ ಹಕ್ಕಿಯನ್ನು ‘ಗದ್ದೆಗೊರವ, ಯಾವುದೆಂದು ಗೊತ್ತಿಲ್ಲ’ ಎಂದೇ ಬರೆಯಿರಿ. ಊಹೆಯ ಹೆಸರಿಗಿಂತ ಅದು ಮೇಲು. ಕಾಗದದ ಹಾಳೆಯ ಫೋಟೊವನ್ನು ಆ ದಿನವೇ ತೆಗೆದು ಇಬ್ಬರ ಬಳಿ ಇಡಿ.

ಹೋಲಿಸುವಾಗ ಜನವರಿಯನ್ನು ಜನವರಿಯೊಂದಿಗೆ, ಅದೇ ನೀರಿನ ಮಟ್ಟದ ದಿನವನ್ನು ಅದೇ ಮಟ್ಟದ ದಿನದೊಂದಿಗೆ ಹೋಲಿಸಿ. ಒಟ್ಟು ಜಾತಿಗಳ ಸಂಖ್ಯೆ ವರ್ಷ ಕಳೆದಂತೆ ಏರುತ್ತಲೇ ಹೋಗುತ್ತದೆ, ಏಕೆಂದರೆ ಪಟ್ಟಿಗೆ ಸೇರಿದ ಹೆಸರು ಹೊರಗೆ ಹೋಗುವುದಿಲ್ಲ. ಅದನ್ನು ಯಶಸ್ಸೆಂದು ತೋರಿಸಬೇಡಿ. ಆ ವರ್ಷ ಮಾತ್ರ ಕಂಡ ಜಾತಿಗಳು, ಮರಿ ಮಾಡಿದ ಜಾತಿಗಳು, ಹೋಲಿಕೆಯ ಕೆರೆಯಲ್ಲಿ ಅದೇ ವರ್ಷ ಆದ ಬದಲಾವಣೆ ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

## ಕೂಡಲೇ ಎಚ್ಚರಗೊಳ್ಳಬೇಕಾದ ಚಿಹ್ನೆಗಳು

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆ. ಅಂದು ಎಣಿಕೆ ಬಿಡಿ, ಆಮ್ಲಜನಕ ಅಳೆಯಿರಿ, ಚರಂಡಿ ಸೇರುವ ಬಾಯಿಯನ್ನು ಹೋಗಿ ನೋಡಿ.

ಹಕ್ಕಿಗಳು ಕತ್ತು ನೇರ ಹಿಡಿಯಲಾರದೆ, ರೆಕ್ಕೆ ಜೋತುಬಿದ್ದು ದಂಡೆಯಲ್ಲಿ ಕುಳಿತಿವೆ, ಅಥವಾ ಸತ್ತಿವೆ. ಮುಟ್ಟಬೇಡಿ. ಪಶುಪಾಲನಾ ಮತ್ತು ಅರಣ್ಯ ಇಲಾಖೆಗಳಿಗೆ ಆ ಗಳಿಗೆಯಲ್ಲೇ ತಿಳಿಸಿ.

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಕೆನೆ ಕಟ್ಟಿದೆ. ದನಕರು, ನಾಯಿಗಳು ಆ ನೀರನ್ನು ಕುಡಿಯದಂತೆ ಊರಿಗೆ ಹೇಳಿ. ಇಂಥ ಪಾಚಿಯಲ್ಲಿ ಕೆಲವು ವಿಷಕಾರಿ.

ಮುಳುಗು ಸಸ್ಯಗಳು ಒಂದೇ ವರ್ಷದಲ್ಲಿ ಇಲ್ಲವಾಗಿವೆ, ನೀರು ಬಗ್ಗಡವಾಗಿದೆ. ತಳ ಕೆದಕುವ ಮೀನನ್ನು ಅತಿಯಾಗಿ ಬಿತ್ತಿರಬಹುದು, ಇಲ್ಲವೇ ಹೊಸ ಕೊಳಚೆ ಸೇರಿರಬಹುದು. ಎರಡನ್ನೂ ಪರೀಕ್ಷಿಸಿ.

## ಹಂತ 10: ಲೆಕ್ಕ ತಲುಪಬೇಕಾದ ಕಡೆ ತಲುಪಲಿ

ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಅದರ ಕೆಲಸ. ನಿಮ್ಮ ವಾರ್ಷಿಕ ಪಟ್ಟಿಯ ಒಂದು ಪ್ರತಿ ಅಲ್ಲಿಗೆ ಸಲ್ಲಿಕೆಯಾಗಿ ಸ್ವೀಕೃತಿ ಮುದ್ರೆ ಬೀಳಬೇಕು. ಇನ್ನೊಂದು ಪ್ರತಿ ಕೆರೆಯ ಒಡೆತನವಿರುವ ಇಲಾಖೆಗೆ.

ದಪ್ಪ ವರದಿಯನ್ನು ಯಾರೂ ಓದುವುದಿಲ್ಲ. ಒಂದೇ ಹಾಳೆ ಸಾಕು: ನಕ್ಷೆ, ಗೂಡುಗಳಿರುವ ಜಾಗ, ಗೊದಮೊಟ್ಟೆ ಕಂಡ ಅಂಚು, ಮುಳುಗು ಸಸ್ಯಗಳಿರುವ ಮೂಲೆ, ಯಾವ ತಿಂಗಳಲ್ಲಿ ಎಲ್ಲಿ ಯಂತ್ರ ಇಳಿಸಬಾರದು ಎಂಬ ಪಟ್ಟಿ. ಕಳೆ ತೆಗೆಯುವ ಗುತ್ತಿಗೆ, ಕೋಡಿ ಎತ್ತರಿಸುವ ಪ್ರಸ್ತಾವ, ನಡಿಗೆಹಾದಿ ಅಗಲಿಸುವ ಯೋಜನೆ ಇವುಗಳಲ್ಲಿ ಯಾವುದು ಗ್ರಾಮಸಭೆಗೆ ಬಂದರೂ ಆ ಹಾಳೆಯೊಂದಿಗೆ ಹೋಗಿ, ಸಭೆಯ ನಡಾವಳಿಯಲ್ಲಿ ಅದು ದಾಖಲಾಗುವವರೆಗೆ ಅಲ್ಲೇ ಇರಿ. ಕಾಮಗಾರಿ ನಡೆದೇ ಹೋದರೆ, ಅದು ಮುಗಿದ ವಾರವೇ ಅದೇ ಬಿಂದುಗಳಲ್ಲಿ, ಅದೇ ಹೊತ್ತಿನಲ್ಲಿ, ಅದೇ ಇಬ್ಬರು ನಿಂತು ಮತ್ತೆ ಎಣಿಸಿ.